ಮಿಣುಕುವ ಹಳದಿ ಬಾಣ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಾನು ಮಾತಾಡೋಕೆ ಹೊರಟಿರುವುದು ಲೆಫ್ಟ್ ಟರ್ನ್ ಬಗ್ಗೆ. ಅಮೆರಿಕದಲ್ಲಿ ಕಾರು ಓಡಿಸುವ ನಮ್ಮವರೆಲ್ಲ ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಇದು. ಊರಿಂದ ಈಗಷ್ಟೇ ಬಂದು ಇಲ್ಲಿ ಲೈಸೆನ್ಸ್ ಮಾಡಿಸಿಕೊಳ್ಳುತ್ತಿರುವವರು ದಯವಿಟ್ಟು ಸ್ವಲ್ಪ ಗಮನ ಕೊಟ್ಟು ಕೇಳಿ.

ನಾನು ಈ ದೇಶಕ್ಕೆ ಬಂದು ಮೂರು ತಿಂಗಳಾಗಿತ್ತು. ಬೆಂಗಳೂರಲ್ಲಿ ಎಂಟು ವರ್ಷ ಗಾಡಿ ಓಡಿಸಿ ಪಳಗಿದ ಕೈ. ಒಂದು ಸಂಜೆ ಮನೆ ಹತ್ತಿರದ ದೊಡ್ಡ ಜಂಕ್ಷನ್‌ನಲ್ಲಿ ಲೆಫ್ಟ್ ಲೇನಲ್ಲಿ ಮೊದಲನೆಯವಳಾಗಿ ನಿಂತಿದ್ದೆ. ಹಿಂದಿನ ಸೀಟಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಹಸಿರು ಬಿತ್ತು. ತಿರುಗಿಸಿಬಿಟ್ಟೆ. ಎದುರಿಂದ ಬಂದ ಪಿಕಪ್ ಟ್ರಕ್ ಬ್ರೇಕ್ ಹಾಕಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮಗಳ ಕಡೆಯ ಬಾಗಿಲಿಗೆ ಒಂದು ಮಾರು ಇದ್ದಾಗ ಅದು ನಿಂತಿತು.

ತಪ್ಪು ನನ್ನದೇ. ಆದರೆ ಯಾಕೆ ಹಾಗೆ ಮಾಡಿದೆ ಅನ್ನುವುದನ್ನು ಹೇಳಬೇಕು. ನಮ್ಮ ಕಡೆ ಹೆಚ್ಚಿನ ಸಿಗ್ನಲ್‌ಗಳಲ್ಲಿ ಒಂದು ಸಲಕ್ಕೆ ಒಂದೇ ದಿಕ್ಕಿನವರನ್ನು ಬಿಡುತ್ತಾರೆ. ನಮಗೆ ಹಸಿರು ಬಿತ್ತು ಅಂದರೆ ಉಳಿದ ಮೂರೂ ಕಡೆ ಕೆಂಪು. ನೇರ ಹೋಗಬಹುದು, ರೈಟ್ ತಗೋಬಹುದು, ಎದುರಿಂದ ಯಾರೂ ಬರುವುದಿಲ್ಲ. ಆ ಅಭ್ಯಾಸ ಕೈಕಾಲಲ್ಲಿ ಕೂತುಬಿಟ್ಟಿರುತ್ತದೆ. ಇಲ್ಲಿ ರಸ್ತೆಯ ಬಲಗಡೆ ಓಡಿಸುತ್ತೇವೆ, ಹಾಗಾಗಿ ಅಲ್ಲಿನ ರೈಟ್ ಟರ್ನ್ ಇಲ್ಲಿ ಲೆಫ್ಟ್ ಟರ್ನ್. ಇಲ್ಲಿ ದುಂಡನೆಯ ಹಸಿರು ದೀಪ ಬಿದ್ದರೆ ಸಾಮಾನ್ಯವಾಗಿ ಎದುರುಗಡೆಯವರಿಗೂ ಹಸಿರೇ. ಲೆಫ್ಟ್ ತಗೊಳ್ಳುವವರು ಅವರಿಗೆಲ್ಲ ದಾರಿ ಬಿಟ್ಟು, ಸಂದು ಸಿಕ್ಕಾಗ ನುಗ್ಗಬೇಕು. ಈ ನಿಯಮವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಸರಿಯಾಗೇ ಉತ್ತರ ಬರೆದಿದ್ದೆ. ಆದರೂ ಹಸಿರು ಕಂಡ ತಕ್ಷಣ ಕಾಲು ಹಳೆಯ ಊರಿನ ಮಾತು ಕೇಳಿತು.

ಇದು ಬರೀ ಹೊಸಬರ ಪಾಡು ಅಂದುಕೊಳ್ಳಬೇಡಿ. ಇಲ್ಲಿನ ಕೇಂದ್ರ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ 2010ರಲ್ಲಿ ಜಂಕ್ಷನ್ ಅಪಘಾತಗಳ ಬಗ್ಗೆ ಒಂದು ವರದಿ ತಂದಿತು. ಅಂಥ ಅಪಘಾತಗಳಲ್ಲಿ ನೂರಕ್ಕೆ 22ರಷ್ಟು ಲೆಫ್ಟ್ ತಿರುಗುವಾಗ ಆದವು. ರೈಟ್ ತಿರುಗುವಾಗ ಆದವು ನೂರಕ್ಕೆ ಒಂದರ ಆಸುಪಾಸು ಅಷ್ಟೇ.

ಹುಟ್ಟಿದಾಗಿನಿಂದ ಇಲ್ಲೇ ಓಡಿಸಿದವರನ್ನೂ ಸಿಕ್ಕಿಸುವ ಒಂದು ಬಲೆ ಇದೆ. ಎಂಜಿನಿಯರ್‌ಗಳು ಅದನ್ನು ಹಳದಿ ಬಲೆ ಅಂತಲೇ ಕರೆಯುತ್ತಾರೆ. ನೀವು ಲೆಫ್ಟ್ ತಗೊಳ್ಳಲು ಜಂಕ್ಷನ್ ಮಧ್ಯಕ್ಕೆ ಬಂದು ಕಾಯುತ್ತಿದ್ದೀರಿ. ಎದುರಿಂದ ಗಾಡಿಗಳು ಬರುತ್ತಲೇ ಇವೆ. ನಿಮ್ಮ ಹಸಿರು ಹಳದಿಯಾಯಿತು. ಎದುರಿನವರಿಗೂ ಹಳದಿ ಬಿದ್ದಿರುತ್ತದೆ, ಇನ್ನೇನು ನಿಲ್ಲುತ್ತಾರೆ ಅಂದುಕೊಂಡು ತಿರುಗಿಸುತ್ತೀರಿ. ಆದರೆ ಕೆಲವು ಕಡೆ ಎದುರಿನವರಿಗೆ ಇನ್ನೂ ಸ್ವಲ್ಪ ಹೊತ್ತು ಹಸಿರು ಉಳಿಸಿರುತ್ತಾರೆ, ಅವರ ಕಡೆಯ ಲೆಫ್ಟ್‌ನವರನ್ನು ಕೊನೆಯಲ್ಲಿ ಬಿಡಬೇಕಲ್ಲ, ಅದಕ್ಕೆ. ಅವರು ನಿಲ್ಲುವುದಿಲ್ಲ. ಅವರ ದೀಪ ನಿಮಗೆ ಕಾಣುವುದೂ ಇಲ್ಲ.

ಹಾಗಾದರೆ ಲೆಫ್ಟ್‌ಗೆ ಹಸಿರು ಬಾಣ ಬಿದ್ದಾಗ ಮಾತ್ರ ಹೋಗಲಿ, ಉಳಿದ ಹೊತ್ತೆಲ್ಲ ಕೆಂಪು ಬಾಣ ಇರಲಿ ಅಂತ ಅನ್ನಿಸುತ್ತದೆ, ಅಲ್ವಾ? ತುಂಬಾ ಕಡೆ ಹಾಗೇ ಮಾಡಿದ್ದಾರೆ. ಅದರ ಲೆಕ್ಕ ನೋಡಿ. ಬಾಣ ಬಿದ್ದ ಮೇಲೆ ಮೊದಲನೆಯವರು ಕಾಲು ಎತ್ತಿ ಹೊರಡೋಕೆ ಒಂದೆರಡು ಸೆಕೆಂಡ್. ಆಮೇಲೆ ಗಾಡಿಗೆ ಸುಮಾರು 2 ಸೆಕೆಂಡ್. ಹತ್ತು ಸೆಕೆಂಡಿನ ಬಾಣದಲ್ಲಿ ನಾಲ್ಕು ಗಾಡಿ ದಾಟಿದರೆ ಹೆಚ್ಚು. ಸಾಲಲ್ಲಿ ಒಂಬತ್ತು ಗಾಡಿ ಇದ್ದರೆ ಐದು ಉಳಿದವು. ಲೆಫ್ಟ್ ಲೇನ್ ಉದ್ದ ಇಲ್ಲದಿದ್ದರೆ ಆ ಸಾಲಿನ ಬಾಲ ನೇರ ಹೋಗುವವರ ಲೇನಿಗೆ ಚಾಚಿಕೊಳ್ಳುತ್ತದೆ. ಆಗ ಅವರಿಗೆ ಹಸಿರು ಇದ್ದೂ ಹೋಗುವ ಹಾಗಿಲ್ಲ. ಇತ್ತ ರಾತ್ರಿ ಹನ್ನೊಂದಕ್ಕೆ ಎದುರು ರಸ್ತೆ ಪೂರ್ತಿ ಖಾಲಿ ಇರುತ್ತದೆ, ನೀವೊಬ್ಬರೇ ಕೆಂಪು ಬಾಣ ನೋಡುತ್ತಾ ಸುಮ್ನೆ ಕೂತಿರುತ್ತೀರಿ.

ಈ ಎರಡಕ್ಕೂ ನಡುವೆ ಬಂದದ್ದೇ ಮಿಣುಕುವ ಹಳದಿ ಬಾಣ. ಹಸಿರು ಬಾಣ ಬಿದ್ದರೆ ದಾರಿ ನಿಮ್ಮದು. ಹಳದಿ ಬಾಣ ಮಿಣುಕುತ್ತಿದ್ದರೆ ಎದುರಿನವರಿಗೆ, ರಸ್ತೆ ದಾಟುವವರಿಗೆ ದಾರಿ ಬಿಟ್ಟು, ಜಾಗ ಕಂಡರೆ ಹೋಗಿ. ಹಳದಿ ಬಾಣ ಮಿಣುಕದೆ ಉರಿದರೆ ಇನ್ನೇನು ಕೆಂಪು ಬೀಳುತ್ತದೆ. ಕೆಂಪು ಬಾಣಕ್ಕೆ ನಿಲ್ಲಿ. ಹಲವು ವರ್ಷ ಇದರ ಬಗ್ಗೆ ಅಧ್ಯಯನ ನಡೆಯಿತು. ಚಾಲಕರನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ, ಯಾವ ದೀಪಕ್ಕೆ ಏನು ಮಾಡುತ್ತಾರೆ ಅಂತ ನೋಡಿದರು. 2003ರಲ್ಲಿ ವರದಿ ಬಂತು. 2006ರಲ್ಲಿ ಕೇಂದ್ರ ಹೆದ್ದಾರಿ ಇಲಾಖೆ ತಾತ್ಕಾಲಿಕ ಒಪ್ಪಿಗೆ ಕೊಟ್ಟಿತು. 2009ರಲ್ಲಿ ಇಡೀ ದೇಶದ ಸಿಗ್ನಲ್ ಕೈಪಿಡಿಗೇ ಅದು ಸೇರಿತು.

ನನಗೆ ತುಂಬಾ ಹಿಡಿಸಿದ್ದು ಇದರ ಒಳಗಿನ ಜೋಡಣೆ. ಈ ಬಾಣ ಮಿಣುಕುವುದು ನಿಮ್ಮ ಕಡೆಯ ನೇರ ಹಸಿರನ್ನು ನೋಡಿಕೊಂಡಲ್ಲ, ಎದುರುಗಡೆಯ ಹಸಿರನ್ನು ನೋಡಿಕೊಂಡು. ಎದುರಿನವರಿಗೆ ಹಸಿರು ಇರುವಷ್ಟು ಹೊತ್ತೂ ಅದು ಮಿಣುಕುತ್ತಲೇ ಇರಬಹುದು. ನಿಮ್ಮ ಪಕ್ಕದ ಲೇನಿಗೆ ಕೆಂಪು ಬಿದ್ದರೂ ಸರಿ. ಬಾಣ ಮಿಣುಕುವುದು ನಿಂತು ಹಳದಿ ಉರಿಯಿತು ಅಂದರೆ ಸಾಮಾನ್ಯವಾಗಿ ಎದುರಿನವರಿಗೂ ಹಳದಿ ಬಿದ್ದಿರುತ್ತದೆ. ಹಾಗಾಗಿ ಆ ಬಲೆಯೇ ಇರುವುದಿಲ್ಲ.

ಇನ್ನೊಂದು ಅನುಕೂಲ. ಜಂಕ್ಷನ್ ಮೂಲೆಯಲ್ಲಿ ಒಂದು ಬೀರುವಿನಂಥ ಲೋಹದ ಪೆಟ್ಟಿಗೆ ನೋಡಿರುತ್ತೀರಿ. ಸಿಗ್ನಲ್ ನಡೆಸುವ ಯಂತ್ರ ಅದರೊಳಗಿದೆ. ಶಾಲೆ ಬಿಡುವ ಹೊತ್ತಲ್ಲಿ ಹಸಿರು ಬಾಣ ಮಾತ್ರ, ಮಿಣುಕುವುದು ಬೇಡ ಅಂತ ಅದರಲ್ಲಿ ಹೊಂದಿಸಿಡಬಹುದು. ಮಧ್ಯಾಹ್ನ, ರಾತ್ರಿ ಮಿಣುಕಲಿ ಅನ್ನಬಹುದು. ಯಾರಾದರೂ ರಸ್ತೆ ದಾಟೋಕೆ ಗುಂಡಿ ಒತ್ತಿದರೆ ಆ ಒಂದು ಸುತ್ತಿನಲ್ಲಿ, ಅಂದರೆ ಎಲ್ಲ ದಿಕ್ಕಿಗೂ ಒಂದೊಂದು ಸಲ ಹಸಿರು ಬಿದ್ದು ಮುಗಿಯುವವರೆಗೆ, ಮಿಣುಕು ಬೇಡ ಅಂತಲೂ ಹೇಳಿಡಬಹುದು. ಈ ಕೊನೆಯದನ್ನು ಎಲ್ಲ ಊರಿನವರೂ ಮಾಡಬೇಕು ಅಂತ ನನ್ನ ಆಸೆ. ಲೆಫ್ಟ್ ತಗೊಳ್ಳುವಾಗ ನಮ್ಮ ಕಣ್ಣೆಲ್ಲ ಎದುರಿನ ಗಾಡಿಗಳ ಮೇಲೆ. ಸಂದು ಸಿಕ್ಕಿತು ಅಂತ ನುಗ್ಗುತ್ತೇವೆ. ಅಷ್ಟರಲ್ಲಿ ಎಡಗಡೆ ಕಂಬದ ಮರೆಯಿಂದ, ಅಂದರೆ ಕಾರಿನ ಗಾಜಿನ ಪಕ್ಕದ ಕಂಬ, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡ ತಾಯಿ ಬರುತ್ತಿರುತ್ತಾಳೆ. ಅವಳಿಗೂ ದಾಟೋಕೆ ದೀಪ ಬಿದ್ದಿರುತ್ತದೆ. ಗಾಡಿಗಳು ಬೇಗ ಹೋಗಲಿ ಅನ್ನುವ ಭರದಲ್ಲಿ ಅವಳನ್ನು ಮರೆತರೆ ಆ ಸುಧಾರಣೆ ನನಗೆ ಬೇಡ.

ಈಗ ಒಂದು ಕಿವಿಮಾತು. "ಎಷ್ಟು ಕಾದರೂ ನನಗೆ ಬಾಣ ಬೀಳಲ್ಲ" ಅಂತ ತುಂಬಾ ಜನ ಹೇಳುತ್ತಾರೆ. ಮುಂದಿನ ಸಲ ಸ್ಟಾಪ್ ಲೈನ್ ಹಿಂದೆ ಟಾರನ್ನು ನೋಡಿ. ಎಷ್ಟೋ ಕಡೆ ಆಯತಾಕಾರವಾಗಿ ಕೊರೆದು ಕಪ್ಪು ಅಂಟು ತುಂಬಿದ ಗೆರೆಗಳು ಕಾಣುತ್ತವೆ. ಅದರ ಕೆಳಗೆ ತಂತಿಯ ಸುತ್ತು ಇದೆ. ಗಾಡಿ ಅದರ ಮೇಲೆ ನಿಂತಾಗ ಪೆಟ್ಟಿಗೆಗೆ ಸುದ್ದಿ ಹೋಗುತ್ತದೆ. ನೀವು ಗೆರೆ ದಾಟಿ ಮುಂದೆ ನಿಂತರೆ, ಅಥವಾ ಎರಡು ಕಾರಿನಷ್ಟು ಹಿಂದೆ ನಿಂತರೆ, ನೀವಿದ್ದೀರಿ ಅನ್ನುವುದೇ ಅದಕ್ಕೆ ತಿಳಿಯುವುದಿಲ್ಲ. ಕೆಲವು ಕಡೆ ತಂತಿಯ ಬದಲು ಮೇಲೆ ಕ್ಯಾಮೆರಾ ಅಥವಾ ರಾಡಾರ್ ಇರುತ್ತದೆ, ಅಲ್ಲೂ ನಿಲ್ಲಬೇಕಾದ ಜಾಗ ಅದೇ. ಸರಿಯಾದ ಜಾಗದಲ್ಲಿ ನಿಂತರೂ ಬಾಣ ಬೀಳದಿದ್ದರೆ ತಂತಿ ಕೆಟ್ಟಿರಬಹುದು. ಊರಿನ ರಸ್ತೆ ಇಲಾಖೆಗೆ ತಿಳಿಸಿ. ಯಾವ ಜಂಕ್ಷನ್, ಯಾವ ದಿಕ್ಕಿಂದ ಬರುವಾಗ, ಯಾವ ವಾರ, ಎಷ್ಟು ಗಂಟೆ, ಒಂದು ಸುತ್ತಿಗೆ ಎಷ್ಟು ಗಾಡಿ ಉಳಿದವು, ಇಷ್ಟನ್ನು ಬರೆಯಿರಿ. ಬರೀ "ಟ್ರಾಫಿಕ್ ಜಾಸ್ತಿ" ಅಂದರೆ ಅವರಿಗೆ ಹುಡುಕಲು ದಾರಿ ಸಿಗುವುದಿಲ್ಲ.

ನಮ್ಮ ಮನೆ ಹತ್ತಿರದ ಜಂಕ್ಷನ್ನಿಗೂ ಹೊಸ ಬಾಣ ಬಂತು. ರಸ್ತೆ ಒಂದಡಿಯೂ ಅಗಲ ಆಗಲಿಲ್ಲ. ಸಂಜೆ ಆರಕ್ಕೆ ಮೊದಲೆಲ್ಲ ಮೂರು ಸುತ್ತು ಕಾಯುತ್ತಿದ್ದೆ, ಈಗ ಒಂದರಲ್ಲೇ ದಾಟುವುದೇ ಹೆಚ್ಚು.

ಈ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಮೂವತ್ತು ವರ್ಷ ಬಸ್ ಓಡಿಸಿದವರು. ಮೊದಲ ದಿನ ಆ ಬಾಣ ನೋಡಿ, "ಸಿಗ್ನಲ್ ಕೆಟ್ಟಿದೆ ಕಣಮ್ಮ, ಹಳದಿ ಮಿಣುಕ್ತಾ ಇದೆ" ಅಂದರು. ಈಗ ನಿಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ. ಏನೂ ಮಾತಾಡದೆ ಕೇಳಿಸಿಕೊಂಡರು. ವಾರ ಕಳೆದ ಮೇಲೆ ಅದೇ ಜಂಕ್ಷನ್, ಅದೇ ಸಂಜೆ ಹೊತ್ತು. ಬಾಣ ಮಿಣುಕುತ್ತಿತ್ತು, ನಾನು ಸಂದು ನೋಡುತ್ತಿದ್ದೆ. ಪಕ್ಕದಲ್ಲಿ ಅಪ್ಪ ಮುಂದಕ್ಕೆ ಬಗ್ಗಿ, ನನ್ನ ಎಡಗಡೆಯ ಫುಟ್‌ಪಾತ್ ಕಡೆ ಕೈ ತೋರಿಸಿದರು. "ತಾಳು. ಅಲ್ಲೊಂದು ಹುಡುಗ ಸೈಕಲ್ ತಳ್ಳಿಕೊಂಡು ಇಳೀತಾ ಇದಾನೆ. ಅವನು ದಾಟಲಿ, ಆಮೇಲೆ ಹೋಗೋಣ."

ನಮಸ್ಕಾರ.