ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಸನದ ನಮ್ಮ ಬೀದಿಯಲ್ಲಿ ಸಂಜೆ ಲಗೋರಿ ಆಡುವಾಗ ಎಲ್ಲರಿಗಿಂತ ಚಿಕ್ಕವನು ನಾನೇ. ನನ್ನನ್ನು ಬಿಟ್ಟು ಆಡಿದರೆ ಅಳುತ್ತಾ ಹೋಗಿ ಅಮ್ಮನನ್ನು ಕರೆತರುತ್ತಿದ್ದೆ. ಸೇರಿಸಿಕೊಂಡರೆ ಮೊದಲ ಏಟಿಗೇ ಔಟ್ ಆಗುತ್ತಿದ್ದೆ, ಆಗಲೂ ಅಳು. ಅದಕ್ಕೆ ದೊಡ್ಡ ಹುಡುಗರು, 'ಇವ್ನು ಆಟಕ್ಕುಂಟು, ಲೆಕ್ಕಕ್ಕಿಲ್ಲ ಕಣ್ರೋ' ಎಂದು ತೀರ್ಮಾನ ಮಾಡಿದರು. ಚೆಂಡು ಬೆನ್ನಿಗೆ ಬಿದ್ದರೂ ನಾನು ಔಟ್ ಅಲ್ಲ. ಎಲ್ಲರ ನಡುವೆ ಓಡಬಹುದು, ಕಿರುಚಬಹುದು, ಕಲ್ಲು ಜೋಡಿಸಬಹುದು. ಒಂದು ಬೇಸಿಗೆ ರಜೆ ಪೂರ್ತಿ ಹಾಗೇ ಖುಷಿಯಾಗಿ ಕಳೆಯಿತು.

ರಜೆ ಮುಗಿಯುವ ಹೊತ್ತಿಗೆ ಒಂದು ಸಂಜೆ ಕೊನೆಯ ಕಲ್ಲನ್ನು ನಾನೇ ಇಟ್ಟೆ. 'ಲಗೋರಿ' ಎಂದು ಗಂಟಲು ಹರಿಯುವಂತೆ ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ಲೆಕ್ಕಕ್ಕಿಲ್ಲದವನು ಇಟ್ಟ ಕಲ್ಲೂ ಲೆಕ್ಕಕ್ಕಿಲ್ಲ. ಅವತ್ತು ಅತ್ತಷ್ಟು ನಾನು ಔಟ್ ಆದಾಗಲೂ ಅತ್ತಿರಲಿಲ್ಲ. 'ನಾಳೆಯಿಂದ ನನಗೂ ಔಟ್ ಕೊಡಿ' ಎಂದು ಗೋಗರೆದೆ.

ವಿಡಿಯೋ ಗೇಮ್‌ಗಳಲ್ಲಿ ಚೀಟ್, ಅಂದರೆ ಆಟವನ್ನು ಸುಲಭ ಮಾಡಿಕೊಳ್ಳುವ ಅಡ್ಡದಾರಿ, ಬಳಸಿದರೆ ಆಟದ ಮಜಾ ಹೆಚ್ಚುತ್ತದೋ ಕೆಡುತ್ತದೋ ಎಂದು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಆ ಸಂಜೆ. ಇವತ್ತು ಅದರ ಬಗ್ಗೆಯೇ ಮಾತಾಡಬೇಕು ಎಂದುಕೊಂಡಿದ್ದೇನೆ.

2004ರ ಸುಮಾರಿಗೆ ನಾನು ಬಿ.ಎಂ. ರಸ್ತೆಯ ಹತ್ತಿರ ಒಂದು ಸೈಬರ್ ಸೆಂಟರ್ ನಡೆಸುತ್ತಿದ್ದೆ. ಆರು ಕಂಪ್ಯೂಟರ್, ಗಂಟೆಗೆ 15 ರೂಪಾಯಿ. ಬೆಳಗ್ಗೆ ಅರ್ಜಿ ತುಂಬುವವರು, ರಿಸಲ್ಟ್ ನೋಡುವವರು. ಸಂಜೆಯಾದರೆ ಡಿಪ್ಲೊಮಾ ಓದುವ ಹುಡುಗರು ವೈಸ್ ಸಿಟಿ ಆಡಲು ಬರುತ್ತಿದ್ದರು. ಅದು 2002ರಲ್ಲಿ ಬಂದ ಆಟ, ಕಂಪ್ಯೂಟರ್‌ಗೆ ಬಂದದ್ದು 2003ರಲ್ಲಿ. ಊರೆಲ್ಲ ಕಾರು ಓಡಿಸುತ್ತಾ, ಗುಂಡು ಹಾರಿಸುತ್ತಾ, ಪೊಲೀಸರಿಂದ ತಪ್ಪಿಸಿಕೊಳ್ಳುತ್ತಾ ಆಡುವುದು. ದೊಡ್ಡವರಿಗೆಂದು ಮಾಡಿದ ಆಟ ಅದು. ಸ್ಕೂಲ್ ಮಕ್ಕಳು ಬಂದರೆ ನಾನು ಅದನ್ನು ಹಾಕಿಕೊಡುತ್ತಿರಲಿಲ್ಲ. ಈಗಿನ ಅಪ್ಪ ಅಮ್ಮಂದಿರಿಗೂ ಇದನ್ನೇ ಹೇಳುತ್ತೇನೆ. ಡಬ್ಬದ ಮೇಲೆ ಬರೆದ ವಯಸ್ಸನ್ನು ಒಮ್ಮೆ ಓದಿ ನೋಡಿ.

ನನ್ನ ಕೌಂಟರ್ ಮೇಲೆ 100 ಪುಟದ ಒಂದು ನೋಟ್‌ಬುಕ್ ಇತ್ತು. ಹುಡುಗರೇ ಬರೆದದ್ದು. ಅದರ ತುಂಬ ಚೀಟ್ ಕೋಡ್‌ಗಳು. ಪ್ಯಾಂಜರ್ ಎಂದು ಟೈಪ್ ಮಾಡಿದರೆ ಎದುರಿಗೆ ಯುದ್ಧದ ಟ್ಯಾಂಕ್ ಬಂದು ನಿಲ್ಲುತ್ತದೆ. ಆಸ್ಪಿರಿನ್ ಎಂದರೆ ಗಾಯ ಮಾಯ. ಆದರೆ ಮಾತ್ರೆಯ ಹೆಸರಿಗಿಂತ ಇದರ ಸ್ಪೆಲ್ಲಿಂಗ್‌ನಲ್ಲಿ ಕೊನೆಗೆ ಒಂದು 'ಇ' ಜಾಸ್ತಿ. ಅದನ್ನು ಮರೆತು ಎಷ್ಟು ಜನ ಒದ್ದಾಡಿದ್ದಾರೋ! ಲೀವ್ ಮಿ ಅಲೋನ್ ಎಂದರೆ ಬೆನ್ನಟ್ಟಿದ ಪೊಲೀಸರು ಸುಮ್ಮನಾಗುತ್ತಾರೆ. ಇದನ್ನೆಲ್ಲ ಬರೆಯುವುದಕ್ಕೆ ಪರದೆಯ ಮೇಲೆ ಜಾಗವೇನೂ ತೆರೆಯುವುದಿಲ್ಲ. ಆಟ ನಡೆಯುತ್ತಿರುವಾಗಲೇ ಕಣ್ಣು ಪರದೆಯ ಮೇಲಿಟ್ಟು ಕೀಬೋರ್ಡ್ ಕುಟ್ಟಬೇಕು. ಇಂಗ್ಲಿಷ್ ಪೇಪರ್ ಎಂದರೆ ಹೆದರುತ್ತಿದ್ದ ಹುಡುಗರು ಇಷ್ಟುದ್ದದ ಸ್ಪೆಲ್ಲಿಂಗ್‌ಗಳನ್ನು ಒಂದಕ್ಷರ ತಪ್ಪದೆ ಕುಟ್ಟುವುದನ್ನು ನಾನು ನಿಂತು ನೋಡುತ್ತಿದ್ದೆ.

ಈ ಕೋಡ್‌ಗಳನ್ನು ಕಳ್ಳರು ಮಾಡಿದ್ದಲ್ಲ. ಆಟ ಮಾಡಿದವರೇ ಇಟ್ಟದ್ದು. ಇಂಥ ಕೋಡ್‌ಗಳಲ್ಲೆಲ್ಲ ಜಾಸ್ತಿ ಹೆಸರಾದದ್ದು ಜಪಾನಿನ ಕೊನಾಮಿ ಕಂಪನಿಯದು. 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಮನೆಯ ಟಿವಿಯಲ್ಲಿ ಆಡುವಂತೆ ಸಿದ್ಧ ಮಾಡುತ್ತಿದ್ದವರು ಕಝುಹಿಸಾ ಹಶಿಮೊಟೊ. ಸಿದ್ಧವಾದದ್ದನ್ನು ಆಡಿ ಪರೀಕ್ಷೆ ಮಾಡಬೇಕಲ್ಲ? ಆಟ ಅವರಿಗೇ ಕಷ್ಟವಾಯಿತು. ಅದಕ್ಕೆ ತಮಗಾಗಿ ಒಂದು ಗುಟ್ಟಿನ ದಾರಿ ಇಟ್ಟುಕೊಂಡರು. ಕೈಯಲ್ಲಿ ಹಿಡಿದು ಆಡುವ ರಿಮೋಟಿನ ಗುಂಡಿಗಳನ್ನು ಹೀಗೆ ಸಾಲಾಗಿ ಒತ್ತಬೇಕು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ತಾನೇ ಬಳಸುವುದಲ್ಲವಾ ಎಂದು ನೆನಪಿಡಲು ಸುಲಭವಾಗಿರುವಂತೆ ಮಾಡಿದರಂತೆ. ಆ ಕೋಡ್ ಆಟದಲ್ಲೇ ಉಳಿಯಿತು. ಆಮೇಲೆ ಕಾಂಟ್ರಾ ಆಟದಲ್ಲೂ ಬಂತು. ಅಲ್ಲಿ 3 ಜೀವದ ಬದಲು 30 ಜೀವ ಸಿಗುತ್ತಿತ್ತು. ಹಶಿಮೊಟೊ 2020ರ ಫೆಬ್ರುವರಿಯಲ್ಲಿ ತೀರಿಕೊಂಡಾಗ, ಅವರ ಹೆಸರನ್ನು ಎಂದೂ ಕೇಳಿರದ ಎಷ್ಟೋ ಜನ ಆ ಹತ್ತು ಗುಂಡಿಗಳನ್ನು ಸಾಲಾಗಿ ಬರೆದು ನೆನೆದರು.

ಇನ್ನು ನನ್ನ ಸೆಂಟರ್‌ನಲ್ಲಿ ಕಂಡದ್ದನ್ನು ಹೇಳುತ್ತೇನೆ. ಹೊಸದಾಗಿ ಬಂದ ಹುಡುಗ ಮೊದಲ ದಿನವೇ ನೋಟ್‌ಬುಕ್ ಎಳೆದುಕೊಳ್ಳುತ್ತಿದ್ದ. ಟ್ಯಾಂಕ್ ತರಿಸಿ ಊರೆಲ್ಲ ಉರುಳಿಸುತ್ತಿದ್ದ. ಎರಡನೇ ದಿನವೂ ಅದೇ. ಮೂರನೇ ದಿನ ಆಕಳಿಸುತ್ತಾ, 'ಅಣ್ಣ, ಬೇರೆ ಗೇಮ್ ಇಲ್ವಾ?' ಎನ್ನುತ್ತಿದ್ದ. ಕೋಡ್ ಇಲ್ಲದೆ ಶುರು ಮಾಡಿದವರು ತಿಂಗಳುಗಟ್ಟಲೆ ಬರುತ್ತಿದ್ದರು. ಇದನ್ನು ಒಬ್ಬರಲ್ಲ ಇಬ್ಬರಲ್ಲ, ಹತ್ತಾರು ಹುಡುಗರಲ್ಲಿ ನೋಡಿದ್ದೇನೆ.

ಆ ಆಟದಲ್ಲಿ ಒಂದು ಮಿಷನ್ ಇದೆ, ಡೆಮಾಲಿಷನ್ ಮ್ಯಾನ್ ಅಂತ. ಆಡಿದವರು ಈಗ ರೇಡಿಯೋ ಮುಂದೆ ತಲೆ ಹಿಡಿದುಕೊಂಡಿರುತ್ತಾರೆ. ಕಟ್ಟುತ್ತಿರುವ ಕಟ್ಟಡದೊಳಗೆ ಒಂದು ಆಟಿಕೆ ಹೆಲಿಕಾಪ್ಟರ್ ಹಾರಿಸಬೇಕು. ನಾಲ್ಕು ಬಾಂಬುಗಳನ್ನು ಒಂದೊಂದಾಗಿ ಒಯ್ದು ಮಹಡಿಗಳಲ್ಲಿ ಇಟ್ಟು ಬರಬೇಕು. ಸಮಯ ಓಡುತ್ತಿರುತ್ತದೆ. ಹೆಲಿಕಾಪ್ಟರ್ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಇಲ್ಲಿ ಪ್ಯಾಂಜರ್ ಕೆಲಸಕ್ಕೆ ಬರುವುದಿಲ್ಲ, ಆಸ್ಪಿರಿನ್ ಕೂಡ ಬರುವುದಿಲ್ಲ. 100 ಪುಟದ ನೋಟ್‌ಬುಕ್‌ನಲ್ಲಿ ಈ ಒಂದಕ್ಕೆ ಉತ್ತರ ಇರಲಿಲ್ಲ.

ಆಲೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ ಆ ಮಿಷನ್‌ನಲ್ಲಿ ಸಿಕ್ಕಿಕೊಂಡ. ದಿನಕ್ಕೆ ಅರ್ಧ ಗಂಟೆ ಆಡುವಷ್ಟೇ ದುಡ್ಡು ಅವನ ಹತ್ತಿರ. ಸುಮಾರು ಮೂರು ವಾರ ಹಿಡಿಯಿತು. ನಡುವೆ ಒಂದು ಮಳೆಗಾಲದ ಸಂಜೆ ನಾಲ್ಕನೇ ಬಾಂಬು ಎತ್ತಿಕೊಂಡು ಹೊರಟಿದ್ದ, ಕರೆಂಟ್ ಹೋಯಿತು. ನನ್ನ ಯುಪಿಎಸ್ ಕೂಡ ಕೈಕೊಟ್ಟಿತು. ಅವನು ಒಂದು ಮಾತೂ ಆಡದೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಮಳೆಯಲ್ಲೇ ಬಸ್ ಸ್ಟ್ಯಾಂಡಿಗೆ ಹೋದ. ನಾನು ದುಡ್ಡು ಬೇಡ ಎಂದದ್ದೂ ಅವನಿಗೆ ಕೇಳಿಸಲಿಲ್ಲ. ಮರುದಿನ ಮತ್ತೆ ಬಂದ. ಕಟ್ಟಡ ಉರುಳಿದ ದಿನ ಉಳಿದ ಐದೂ ಕಂಪ್ಯೂಟರ್‌ನವರು ತಮ್ಮ ತಮ್ಮ ಆಟ ಬಿಟ್ಟು ಅವನ ಕುರ್ಚಿಯ ಹಿಂದೆ ನಿಂತಿದ್ದರು. ಎಲ್ಲರೂ ಒಟ್ಟಿಗೆ ಕೂಗಿದ ಸದ್ದಿಗೆ ಪಕ್ಕದ ಬೇಕರಿಯವರು ಏನಾಯಿತೋ ಎಂದು ಓಡಿ ಬಂದರು. ಟ್ಯಾಂಕ್ ತರಿಸಿದವನಿಗೆ ಯಾರೂ ಹಾಗೆ ಕೂಗಿದ್ದನ್ನು ನಾನು ಕೇಳಿಲ್ಲ.

ಹಾಗೆಂದು ಚೀಟ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆಟ ಮುಗಿಸಿದವರು ಮತ್ತೆ ನೋಟ್‌ಬುಕ್ ತೆಗೆಯುತ್ತಿದ್ದರು. ಕಾರನ್ನು ಹಾರಿಸುವ ಕೋಡ್ ಇತ್ತು, ನೀರಿನ ಮೇಲೆ ಓಡಿಸುವ ಕೋಡ್ ಇತ್ತು. ಗೆಲ್ಲಬೇಕಾದದ್ದೆಲ್ಲ ಗೆದ್ದಾದ ಮೇಲೆ ಊರಿನ ಮೂಲೆಮೂಲೆ ಸುತ್ತಿ, ಇಲ್ಲಿ ಹೀಗೆ ಮಾಡಿದರೆ ಏನಾಗುತ್ತದೆ ಎಂದು ನೋಡುವ ಖುಷಿಯೇ ಬೇರೆ. ಗಡಿಯಾರ ಬಿಚ್ಚಿ ಒಳಗೆ ನೋಡುವ ಮಕ್ಕಳ ಖುಷಿ ಅದು. ಅದೇ ಕೋಡ್, ಅದೇ ಆಟ. ಮೊದಲ ದಿನ ಬಳಸಿದರೆ ಆಟವನ್ನೇ ತಿಂದುಹಾಕುತ್ತದೆ. ಕೊನೆಯಲ್ಲಿ ಬಳಸಿದರೆ ಆಟಕ್ಕೆ ಇನ್ನೊಂದು ತಿಂಗಳ ಆಯಸ್ಸು ಕೊಡುತ್ತದೆ.

ಇನ್ನೊಂದು ಮಾತನ್ನು ನಾನು ಒತ್ತಿ ಹೇಳಬೇಕು. ಒಬ್ಬ ಹುಡುಗನಿಗೆ ಬಲಗೈ ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಲು ಆಗುತ್ತಿರಲಿಲ್ಲ. ಅವನು ನಿಧಾನವಾಗಿ ಆಸ್ಪಿರಿನ್ ಕುಟ್ಟಿಕೊಂಡು ಆಡುತ್ತಿದ್ದ. ಅದನ್ನು ನೋಡಿ ಒಬ್ಬ, 'ಇದೂ ಒಂದು ಆಟನಾ?' ಎಂದ. ನನಗೆ ತುಂಬ ಸಿಟ್ಟು ಬಂತು. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಹತ್ತಲು 600ಕ್ಕೂ ಜಾಸ್ತಿ ಮೆಟ್ಟಿಲುಗಳಿವೆ. ಕಾಲು ಗಟ್ಟಿ ಇದ್ದವರು ಬರಿಗಾಲಲ್ಲಿ ಹತ್ತುತ್ತಾರೆ. ಆಗದವರನ್ನು ಡೋಲಿಯಲ್ಲಿ ಹೊತ್ತು ತರುತ್ತಾರೆ. ಡೋಲಿಯಲ್ಲಿ ಬಂದ ಅಜ್ಜಿ ಗೊಮ್ಮಟೇಶ್ವರನ ಮುಂದೆ ಕೈಮುಗಿದು ನಿಂತಾಗ, 'ಅಜ್ಜಿ, ನೀವು ಹತ್ತಿಲ್ಲ' ಎಂದು ಯಾರಾದರೂ ಹೇಳುತ್ತಾರಾ?

ಈಗ ಆಟ ಮಾಡುವವರಿಗೂ ಇದು ಅರ್ಥವಾಗಿದೆ. 2018ರಲ್ಲಿ ಸೆಲೆಸ್ಟ್ ಎಂಬ ಆಟ ಬಂತು. ಒಬ್ಬ ಹುಡುಗಿ ಬೆಟ್ಟ ಹತ್ತುವ ಆಟ. ತುಂಬ ಕಷ್ಟದ್ದು. ಅದರಲ್ಲಿ ಅಸಿಸ್ಟ್ ಮೋಡ್ ಎಂದು ಒಂದಿದೆ. ಆಟದ ವೇಗ ತಗ್ಗಿಸಬಹುದು, ಹಿಡಿತ ಸೋಲದಂತೆ ಮಾಡಬಹುದು, ಸಾಯದಂತೆಯೂ ಮಾಡಬಹುದು. ಗುಟ್ಟಿನ ಕೋಡ್ ಬೇಕಿಲ್ಲ, ಮೆನುವಿನಲ್ಲೇ ಇಟ್ಟಿದ್ದಾರೆ. ಇದನ್ನು ನೋಡಿದಾಗ ನನಗೆ ಆ ಹುಡುಗ ನೆನಪಾದ.

ನನ್ನ ಅತ್ತಿಗೆ ಕ್ಯಾಂಡಿ ಕ್ರಷ್ ಆಡುತ್ತಾರೆ. ಅದರಲ್ಲಿ 5 ಜೀವ. ಮುಗಿದರೆ ಒಂದೊಂದಕ್ಕೆ ಅರ್ಧ ಗಂಟೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಅವರು ಫೋನಿನ ತಾರೀಖನ್ನೇ ಒಂದು ದಿನ ಮುಂದಕ್ಕೆ ಹಾಕಿ ಜೀವ ತುಂಬಿಸಿಕೊಳ್ಳುತ್ತಿದ್ದರು. 'ಇದು ಮೋಸ ಅಲ್ವಾ?' ಎಂದು ನನ್ನನ್ನು ಕೇಳಿದರು. ಖಂಡಿತ ಅಲ್ಲ ಎಂದೆ. ಅವರು ಬೇಗ ಗೆಲ್ಲುವುದಕ್ಕೆ ಮಾಡಿದ್ದಲ್ಲ, ಆಡುವುದಕ್ಕೆ ಮಾಡಿದ್ದು. ಮೊದಲು ಕೋಡ್ ಪುಕ್ಕಟೆ ಸಿಗುತ್ತಿತ್ತು, ಗೆಳೆಯರ ಬಾಯಿಂದ ಬಾಯಿಗೆ ಬರುತ್ತಿತ್ತು. ಈಗ ಅದೇ ಸವಲತ್ತಿಗೆ ಬೆಲೆಚೀಟಿ ಅಂಟಿಸಿದ್ದಾರೆ. ಬೇಕೆಂದೇ ಕಷ್ಟ ಒಡ್ಡಿ, ಆ ಕಷ್ಟ ತಪ್ಪಿಸಲು ದುಡ್ಡು ಕೇಳುವುದು ನನಗೆ ಯಾವ ಚೀಟ್‌ಗಿಂತಲೂ ಬೇಸರದ ವಿಷಯ.

ಇಷ್ಟು ಹೊತ್ತು ಹೇಳಿದ್ದು ಒಬ್ಬರೇ ಕೂತು ಆಡುವ ಆಟದ ಮಾತು. ಇನ್ನೊಬ್ಬರ ಜೊತೆ ಆಡುವಾಗ ಲೆಕ್ಕವೇ ಬೇರೆ.

ನನ್ನ ಅಕ್ಕನ ಮಗ ಫೋನಿನಲ್ಲಿ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಡುತ್ತಾನೆ. 100 ಜನ ವಿಮಾನದಿಂದ ಇಳಿದು ಕೊನೆಗೆ ಉಳಿಯುವವರು ಯಾರು ಎಂಬ ಆಟ. ಒಂದು ರಾತ್ರಿ ಅರ್ಧ ಗಂಟೆ ಅಡಗಿ, ತೆವಳಿ, ಕೊನೆಯ ಹತ್ತು ಜನರಲ್ಲಿ ಉಳಿದಿದ್ದ. ಗೋಡೆಯ ಹಿಂದೆ ಅಲುಗಾಡದೆ ಕೂತಿದ್ದವನ ತಲೆಗೆ, ಅವನು ಇಣುಕಿದ ಕ್ಷಣದಲ್ಲೇ ಗುಂಡು ಬಿತ್ತು. 'ಮಾಮ, ಅವ್ನು ಹ್ಯಾಕ್ ಹಾಕಿದ್ದ. ನಾನೆಲ್ಲಿದ್ದೀನಿ ಅಂತ ಮೊದ್ಲೇ ಗೊತ್ತಿತ್ತು ಅವ್ನಿಗೆ' ಎಂದು ಫೋನ್ ಪಕ್ಕಕ್ಕಿಟ್ಟ. ಅವನ ಮುಖ ನೋಡಲಾಗಲಿಲ್ಲ.

ಗೋಡೆಯ ಹಿಂದಿದ್ದವರು ಕಾಣುವುದು ಹೇಗೆ? ಎದುರಾಳಿ ಯಾವ ಕ್ಷಣದಲ್ಲಾದರೂ ಎದುರಿಗೆ ಬರಬಹುದಲ್ಲ, ಅದಕ್ಕೆ ಅವನು ಎಲ್ಲಿದ್ದಾನೆ ಎಂಬ ಮಾಹಿತಿ ನಿಮ್ಮ ಫೋನಿಗೆ ಮೊದಲೇ ಬಂದಿರುತ್ತದೆ. ಆಟ ಅದನ್ನು ನಿಮಗೆ ತೋರಿಸುವುದಿಲ್ಲ, ಅಷ್ಟೇ. ಪ್ರಶ್ನೆಪತ್ರಿಕೆಯ ಜೊತೆ ಉತ್ತರವನ್ನೂ ಮುಚ್ಚಿದ ಲಕೋಟೆಯಲ್ಲಿ ಕೊಟ್ಟಂತೆ. ಹ್ಯಾಕ್ ಮಾಡುವವನು ಆ ಲಕೋಟೆ ಒಡೆದು ಓದುತ್ತಾನೆ. ಇನ್ನು ಕೆಲವು ಪ್ರೋಗ್ರಾಂಗಳು ಗುರಿಯನ್ನೂ ತಾವೇ ಇಟ್ಟುಕೊಡುತ್ತವೆ. ಇದಕ್ಕೆ ಚೀಟ್ ಎಂಬ ಹೆಸರು ಬೇಡ. ನಮ್ಮ ಮಾತಿನಲ್ಲಿ ಕಳ್ಳಾಟ ಎಂದೇ ಕರೆಯೋಣ. ಬೀದಿಯಲ್ಲಿ ನನ್ನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಎಲ್ಲರೂ ಒಪ್ಪಿ ಸೇರಿಸಿಕೊಂಡಿದ್ದರು. ಇವನು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಆಡದೆಯೇ ಗೆದ್ದವರ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳುತ್ತಾನೆ. ಉಳಿದ 99 ಜನರ ಅರ್ಧ ಗಂಟೆಯನ್ನು ಅವರನ್ನು ಕೇಳದೆ ಕಿತ್ತುಕೊಳ್ಳುತ್ತಾನೆ.

2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ಕೌಂಟರ್ ಸ್ಟ್ರೈಕ್ ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟದ ಪಂದ್ಯಾವಳಿ ನಡೆಯಿತು. ಭಾರತದ ಒಂದು ತಂಡ ಅಲ್ಲಿಯವರೆಗೆ ಹೋಗಿ ಆಡುತ್ತಿತ್ತು. ಪಂದ್ಯದ ನಡುವೆಯೇ ಒಬ್ಬ ಆಟಗಾರನ ಕಂಪ್ಯೂಟರ್‌ನಲ್ಲಿ ಗುರಿ ಸರಿಮಾಡಿಕೊಡುವ ಪ್ರೋಗ್ರಾಂ ಸಿಕ್ಕಿತು. ಅನುಮಾನ ಬಾರದಿರಲೆಂದು ಅದಕ್ಕೆ 'ವರ್ಡ್' ಎಂದು ಹೆಸರಿಟ್ಟಿದ್ದ. ಅವನಿಗೆ 5 ವರ್ಷ ನಿಷೇಧವಾಯಿತು. ತಂಡವನ್ನೇ ಮುಚ್ಚಿದರು. ನನಗೆ ಸಂಕಟವಾಗುವುದು ಉಳಿದ ನಾಲ್ವರನ್ನು ನೆನೆದಾಗ. ಅಷ್ಟು ವರ್ಷ ಕೂತು ಪಳಗಿದ ಅವರ ಕೈಗೆ ಏನು ಸಿಕ್ಕಿತು?

ಫೋನಿಗೆ ಹ್ಯಾಕ್ ಎಂದು ಸಿಗುವ ಆ್ಯಪ್‌ಗಳನ್ನು ಎಲ್ಲಿಂದಲೋ ಇಳಿಸಿಕೊಳ್ಳುವ ಮಕ್ಕಳು ಈ ಮಾತು ಕೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅದೇ ಫೋನಿನಲ್ಲಿ ಅಮ್ಮನ ಬ್ಯಾಂಕಿನ ಒಟಿಪಿ ಬರುತ್ತದೆ. ಆ ಆ್ಯಪ್ ಅದನ್ನೂ ಓದಬಹುದು.

ಅಕ್ಕನ ಮಗನಿಗೆ ಒಬ್ಬಳು ತಂಗಿ ಇದ್ದಾಳೆ, 9 ವರ್ಷ. ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಅವಳಿಗೆ ಆ ಬೆಟ್ಟ ಹತ್ತುವ ಆಟ ಹಾಕಿಕೊಟ್ಟಿದ್ದೆ. ಸಾಯದಂತೆ ಮಾಡಿಟ್ಟಿದ್ದೆ. ಬೇಸಿಗೆ ರಜೆಯೆಲ್ಲ ಹಾಡಿಕೊಂಡು ಆಡಿದಳು. ಹೋದ ಭಾನುವಾರ ಫೋನ್ ಮಾಡಿ, 'ಮಾಮ, ಸಾಯೋ ಥರ ಮಾಡೋದು ಹೇಗೆ?' ಎಂದು ಕೇಳಿದಳು. ಯಾಕೆ ಪುಟ್ಟಿ ಎಂದೆ. 'ಅಣ್ಣ ನಂದನ್ನ ಲೆಕ್ಕಕ್ಕೇ ಹಿಡಿಯಲ್ಲ' ಎಂದಳು. ಮೆನುವಿನಲ್ಲಿ ಎಲ್ಲಿ ಒತ್ತಬೇಕೆಂದು ಹೇಳಿಕೊಟ್ಟೆ. ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಊಟಕ್ಕೆ ಕರೆದರೂ ಏಳುತ್ತಿಲ್ಲವಂತೆ, ಮೊದಲನೇ ಬಂಡೆಯಿಂದಲೇ ನಲವತ್ತು ಸಲ ಬಿದ್ದಿದ್ದಾಳಂತೆ.

ನಮಸ್ಕಾರ.