ಹೊಟ್ಟೆಗೆ ಹಾಕಿಕೊಂಡದ್ದು, ಹೊಟ್ಟೆಯಲ್ಲಿ ಇಟ್ಟುಕೊಂಡದ್ದು

(ವಿಶ್ವ ಮಾನಸಿಕ ಆರೋಗ್ಯ ದಿನದಂದು ಶಿರಸಿಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳುತ್ತಿದೆಯಾ? ಸರಿ. ನನಗೆ ಕೊಟ್ಟದ್ದು 20 ನಿಮಿಷ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಅದು ಹಾಜರಿ ಕರೆಯುವುದಕ್ಕೇ ಬೇಕು.

ಮನಸ್ಸಿನಲ್ಲಿ ಹೊತ್ತುಕೊಂಡ ಭಾರದ ಬಗ್ಗೆ ಮಾತಾಡಿ ಅಂದರು. ಭಾರ ಅಂದ ಕೂಡಲೇ ನೀವೆಲ್ಲ ಪಕ್ಕದವರ ಮುಖ ನೋಡಿದಿರಿ, ನಾನು ಗಮನಿಸಿದೆ. ಬೇಡ, ನನ್ನದರಿಂದಲೇ ಶುರು ಮಾಡುತ್ತೇನೆ. ನನ್ನ ಭಾರ ಒಂದು ತಾಮ್ರದ ಹಂಡೆ.

1998ರಲ್ಲಿ ನಮ್ಮನೆಯಲ್ಲಿ ಹಿಸೆ, ಅಂದರೆ ಆಸ್ತಿ ಪಾಲು, ಆಯಿತು. ತೋಟ, ಗದ್ದೆ, ಬೆಟ್ಟ ಎಲ್ಲ ಸುಸೂತ್ರ. ಕಡೆಗೆ ಪಾತ್ರೆಗಳ ಸರದಿ. ಬಚ್ಚಲ ಒಲೆಯ ಮೇಲಿನ ಹಂಡೆ ನಿನಗೇ ಅಂತ ಅತ್ತೆ ನನಗೆ ಬಾಯಿಮಾತಲ್ಲಿ ಹೇಳಿದ್ದರು. ನನ್ನ ಎರಡೂ ಬಾಣಂತನದ ಬಿಸಿನೀರು ಕಾದದ್ದು ಅದರಲ್ಲೇ. ಹೊರಗೆಲ್ಲ ಮಸಿ, ಕಂಠದ ಹತ್ತಿರ ಮಾತ್ರ ಹುಣಸೆಹುಳಿ ಹಚ್ಚಿ ತಿಕ್ಕಿದ ಹೊಳಪು. ಒಂದು ಬದಿ ಸ್ವಲ್ಪ ನೆಗ್ಗಿತ್ತು. ಅದು ಭಾವನ ಪಾಲಿಗೆ ಹೋಯಿತು. ನನ್ನ ಓರಗಿತ್ತಿ, ನಾನು ಅಕ್ಕ ಅಂತಲೇ ಕರೆಯುವುದು, "ಹಳೇ ಹಂಡೆ, ಅದಕ್ಕೆಂತ ಅಷ್ಟು" ಅಂದಳು. ನಾನು ನಕ್ಕೆ. ಹೊಟ್ಟೆಗೆ ಹಾಕಿಕೊಂಡೆ ಅಂದುಕೊಂಡೆ.

ಹಾಕಿಕೊಂಡಿರಲಿಲ್ಲ. ಇಟ್ಟುಕೊಂಡಿದ್ದೆ. ನಮ್ಮ ಭಾಷೆ ಇವೆರಡನ್ನೂ ಎಷ್ಟು ಚೆನ್ನಾಗಿ ಬೇರೆ ಮಾಡಿದೆ ನೋಡಿ. ಹೊಟ್ಟೆಗೆ ಹಾಕಿಕೊಂಡದ್ದು ಕರಗುತ್ತದೆ. ಮೊನ್ನೆ ಉಂಡ ತಂಬುಳಿ ಯಾವುದು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತೀರಿ, ಅಲ್ವಾ? ಹಂಡೆಯ ಮಾತು ಹಾಗಲ್ಲ. ಅಕ್ಕ ಅವತ್ತು ಉಟ್ಟಿದ್ದ ಸೀರೆಯ ಅಂಚು ಸಮೇತ ಹೇಳಬಲ್ಲೆ. ಹಳೇ ನೋವನ್ನು ಯಾರಾದರೂ ಅಕ್ಷರ ಬಿಡದೆ ಒಪ್ಪಿಸಿದರೆ, ಅದು ಇನ್ನೂ ಹೊಟ್ಟೆಯಲ್ಲೇ ಇದೆ ಅಂತ ತಿಳಿಯಿರಿ. ಇನ್ನೊಂದು ಗುರುತೂ ಇದೆ. ಸಿಟ್ಟಿನ ಅಳತೆ ತಪ್ಪುತ್ತದೆ. ಸೊಸೆ ಚೊಂಬು ಕೆಡವಿದ್ದಕ್ಕೆ ನಾನು ಒಮ್ಮೆ ಮನೆ ಹಾರಿಹೋಗುವ ಹಾಗೆ ಕೂಗಿದೆ. ಅದು ತಾಮ್ರದ ಚೊಂಬು, ಪಾಪ.

ಮರೆತುಬಿಡಿ ಅನ್ನುವವರಿಗೆ ಒಂದು ಮಾತು. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಅಂದ ವೈದ್ಯನ ಕತೆ ನಿಮಗೆ ಗೊತ್ತು. ನಮ್ಮ ತೋಟಗಳಲ್ಲಿ ಮಂಗನನ್ನು ನೆನೆಯದೇ ಇರುವುದು ಹೇಗೂ ಸಾಧ್ಯವಿಲ್ಲ, ಆ ಮಾತು ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ವೆಗ್ನರ್ ಇದನ್ನೇ ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದ. 5 ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದ. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಬೇಕಾದರೆ ನೆನೆಯಿರಿ ಅಂದಾಗ, ಮೊದಲು ಒತ್ತಿಟ್ಟವರಿಗೇ ಕರಡಿ ಜಾಸ್ತಿ ಬಂತು.

ಹಾಗಂತ ಕೂಗಾಡಿ ಹೊರಹಾಕಿದರೆ ಹಗುರವಾಗುತ್ತದಾ? ಅದೂ ಇಲ್ಲ. ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ನೆ ಕೂತವರಿಗಿಂತ ಹೆಚ್ಚೇ ಇತ್ತು ಅಂತ ಬ್ರಾಡ್ ಬುಶ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ತೋರಿಸಿದರು.

ನನಗೆ ಉಪಯೋಗಕ್ಕೆ ಬಂದದ್ದು ಬರೆಯುವುದು. ಜೇಮ್ಸ್ ಪೆನ್‌ಬೇಕರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು, 1986ರ ಅಧ್ಯಯನ. ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷ, 4 ದಿನ, ಎದೆಯಲ್ಲಿದ್ದ ದೊಡ್ಡ ನೋವನ್ನು ಬರೆಯಲು ಹೇಳಿದರು. ಬರೆದ ದಿನ ಮನಸ್ಸು ಇನ್ನೂ ಕುಗ್ಗಿತು. ಆದರೆ ನಡೆದದ್ದನ್ನೂ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ 6 ತಿಂಗಳು ವೈದ್ಯರ ಹತ್ತಿರ ಹೋದದ್ದು ಕಮ್ಮಿ. ನಾನೂ ಮೊಮ್ಮಗನ ಹಳೇ ನೋಟ್‌ಬುಕ್ಕಲ್ಲಿ ಬರೆದೆ. ಮೊದಲ ದಿನ ಬರೀ ಹಂಡೆ. ಮೂರನೇ ದಿನ ಪೆನ್ನು ಅತ್ತೆಯ ಕಡೆ ತಿರುಗಿತು. ಬಾಯಿಮಾತಲ್ಲಿ ಹೇಳಿ, ಹಿಸೆಯ ದಿನ ಕಂಬಕ್ಕೆ ಒರಗಿ ಸುಮ್ಮನೆ ಕೂತರಲ್ಲ! ನನ್ನ ಸಿಟ್ಟು ಅಕ್ಕನ ಮೇಲೆ ಅಲ್ಲವೇ ಅಲ್ಲ. ತೀರಿಹೋದವರ ಮೇಲೆ ಸಿಟ್ಟು ಮಾಡುವುದು ಹೇಗೆ ಅಂತ ತಿಳಿಯದೆ ಅಕ್ಕನ ಮೇಲೆ ಹೊರಿಸಿದ್ದೆ.

ಒಂದು ಎಚ್ಚರಿಕೆ. ಎಲ್ಲವನ್ನೂ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಕಾಳಿ ನದಿಯ ಅಣೆಕಟ್ಟಿನಲ್ಲಿ ಊರೇ ಮುಳುಗಿದ ಸೂಪಾದವರಿಗೆ, ಸೀಬರ್ಡ್ ನೌಕಾನೆಲೆಗೆ ಮನೆ ಬಿಟ್ಟುಕೊಟ್ಟ ಕಾರವಾರ, ಅಂಕೋಲಾದವರಿಗೆ ಹೋಗಿ "ಹಳೆಯದನ್ನು ಬಿಡಿ" ಅನ್ನುವ ಧೈರ್ಯ ನನಗಿಲ್ಲ. ನ್ಯಾಯ ಕೇಳುವುದು ಹೊಟ್ಟೆಯಲ್ಲಿ ಇಟ್ಟುಕೊಂಡಂತಲ್ಲ. ಅದು ಬಾಯಿಬಿಟ್ಟು ಕೇಳುವುದು.

ಓ, ಚೀಟಿ ಬಂತು. ನಿದ್ದೆಯ ಬಗ್ಗೆ, ಉಸಿರಾಟದ ಬಗ್ಗೆ ಹೇಳಬೇಕಿತ್ತು, ಬಿಡಿ. ಇದೊಂದು ಬರೆದುಕೊಳ್ಳಿ: 14416. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಭಾರ ತೀರಾ ಹೆಚ್ಚಾದರೆ ನೋಟ್‌ಬುಕ್ಕು ಸಾಲದು, ಮನುಷ್ಯರೇ ಬೇಕು.

ಹಂಡೆ ಏನಾಯಿತು ಅಂತ ಕೇಳುತ್ತೀರಿ. ಮೊನ್ನೆ ಬೇಸಿಗೆಯಲ್ಲಿ ಭಾವನ ಮನೆಯಲ್ಲಿ ಉಪನಯನ. ಬಚ್ಚಲಿಗೆ ಹೋಗಿ ನೋಡಿದೆ, ಗೀಸರ್ ಇತ್ತು. ಹಂಡೆ ಅಂಗಳದ ಮೂಲೆಯಲ್ಲಿ, ತಳ ತೂತಾಗಿ, ಮಣ್ಣು ತುಂಬಿಕೊಂಡು ಕೂತಿತ್ತು. ಡೇರೆ ಹೂವಿನ ಗಿಡ ನೆಡುವುದಕ್ಕಂತೆ. ಅಕ್ಕ ಹಿಂದೆಯೇ ಬಂದಳು. "ಆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇನ್ನೂ ಇದ್ದನೇ ಕೂಸೆ?" ಅಂದಳು. ಅದು ಅವಳ ಅಪ್ಪನ ಮನೆಯಿಂದ ಬಂದದ್ದಂತೆ. ನಮ್ಮ ಪಾಲಿಗೆ ಹೋದಾಗ ಆ ಸುಗ್ಗಿಯಿಡೀ ನಿದ್ದೆ ಬರಲಿಲ್ಲವಂತೆ. ನನಗೆ ಅದು ಎಲ್ಲಿದೆ ಅನ್ನುವುದೂ ಗೊತ್ತಿರಲಿಲ್ಲ! ಇಬ್ಬರೂ ನಕ್ಕು ನಕ್ಕು ಕೆನ್ನೆ ಒರೆಸಿಕೊಂಡೆವು. ಹೊರಡುವಾಗ ಎರಡು ಡೇರೆ ಗಡ್ಡೆ ಕೊಟ್ಟಳು.

ಮಳೆ ಹಿಡಿಯುವ ಮೊದಲೇ ನೆಟ್ಟೆ. ಒಂದು ಸೊಗಸಾಗಿ ಹೂ ಬಿಟ್ಟಿದೆ. ಇನ್ನೊಂದು ಮೊಳೆಯಲೇ ಇಲ್ಲ. ಕೊಳೆತ ಗಡ್ಡೆಯನ್ನೇ ನೋಡಿ ಕೊಟ್ಟಳಾ ಅಂತ, ಸುಳ್ಳು ಯಾಕೆ ಹೇಳಲಿ, ಒಂದು ಸಲ ಅನ್ನಿಸಿತು.

ಕಷಾಯ ಆರುತ್ತಿದೆಯಂತೆ. ಬನ್ನಿ.