ಗಿಜಿಗಿಜಿ ಗಿಡದ ಗುರುತು

ಸ್ನೇಹಿತರೇ,

ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ಕೆರೆ ಏರಿಗಳ ಮೇಲೆ, ರೈಲು ಹಳಿಗಳ ಪಕ್ಕದಲ್ಲಿ ಹಳದಿ ಹೂವಿನ ಗಿಡಗಳು ಎದೆಯೆತ್ತರ ಎದ್ದು ನಿಲ್ಲುತ್ತವೆ. ಅವುಗಳಲ್ಲಿ ಹಲವು ನಮ್ಮ ಅವರೆ, ತೊಗರಿಯ ಕುಟುಂಬದವೇ. ಹೂವಿನ ಚಿತ್ರವೊಂದನ್ನು ಮೊಬೈಲಿಗೆ ಕಳುಹಿಸಿ ‘ಇದು ಯಾವ ಗಿಡ ಸಾರ್?’ ಎಂದು ಕೇಳುವವರು ಬಹಳ. ಬರಿಯ ಹೂವು ನೋಡಿ ಹೆಸರು ಹೇಳುವುದನ್ನು ನಾನು ಬಿಟ್ಟು ಕೆಲವು ವರ್ಷಗಳಾದವು.

ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಹಸು ಮೇಯಿಸುವ ಅಜ್ಜಿಯೊಬ್ಬರು ಒಂದು ಸಂಜೆ ಗಿಡವೊಂದನ್ನು ತೋರಿಸಿ, ‘ಇದನ್ನು ಹಸು ತಿಂದರೆ ಏನಾದರೂ ಆಗುತ್ತದೆಯೇ ಮೇಷ್ಟ್ರೇ?’ ಎಂದು ಕೇಳಿದರು. ಒಂದು ತೊಟ್ಟಿಗೆ ಮೂರು ಎಲೆ, ಹಳದಿ ಹೂವು, ಅದರ ಮೇಲೆ ಕಂದುಗೆಂಪು ಗೀರು. ರಾಗಿ ಹೊಲದ ಅಕ್ಕಡಿ ಸಾಲಿನ ತೊಗರಿ ನೋಡುತ್ತ ಬೆಳೆದವನು ನಾನು. ‘ತೊಗರಿಯ ಜಾತಿಯೇ ಅಜ್ಜಿ, ಭಯವಿಲ್ಲ’ ಎಂದುಬಿಟ್ಟೆ. ಕೆಲವು ವಾರ ಕಳೆದು ಅದೇ ದಾರಿಯಲ್ಲಿ ಹೋಗುವಾಗ ಗಿಡದ ತುಂಬ ಕಾಯಿ ಜೋತುಬಿದ್ದಿದ್ದವು. ತೊಗರಿಕಾಯಿ ಚಪ್ಪಟೆ, ಬೀಜ ಬೀಜದ ನಡುವೆ ಓರೆಯಾದ ತಗ್ಗು. ಇವೋ ಗಾಳಿ ತುಂಬಿದಂತೆ ಉಬ್ಬಿದ ಕೊಳವೆಗಳು. ಒಣಗಿದ್ದೊಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಮಗುವಿನ ಗಿಲಕಿಯ ಸದ್ದು! ಅದು ಗಿಜಿಗಿಜಿ ಗಿಡ, ಸಸ್ಯಶಾಸ್ತ್ರದ ಹೆಸರು ಕ್ರೊಟಲೇರಿಯಾ ಪ್ಯಾಲಿಡಾ. ಈ ಕುಲದ ಹಲವು ಗಿಡಗಳಲ್ಲಿ ದನಕರುಗಳ ಯಕೃತ್ತನ್ನು ಕೆಡಿಸುವ ಪಿರೊಲಿಝಿಡಿನ್ ಆಲ್ಕಲಾಯ್ಡ್‌ಗಳಿವೆ. ಅಲ್ಲಿಂದ ನೇರವಾಗಿ ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಪುಣ್ಯಕ್ಕೆ ಹಸು ಅದಕ್ಕೆ ಬಾಯಿ ಹಾಕಿರಲಿಲ್ಲ.

ಕ್ರೊಟಲೇರಿಯಾ ಎಂಬುದೂ ಸದ್ದಿನಿಂದಲೇ ಬಂದ ಹೆಸರು. ಗ್ರೀಕರ ಒಂದು ಬಗೆಯ ಚಿಟಿಕೆ ವಾದ್ಯ ಅದರ ಮೂಲ. ನನಗೆ ನಮ್ಮವರ ‘ಗಿಜಿಗಿಜಿ’ಯೇ ಹೆಚ್ಚು ಇಷ್ಟ, ಹೆಸರು ಹೇಳಿದರೆ ಕಾಯಿ ಕೇಳಿಸುತ್ತದೆ.

ಕಾಯಿ ಬರುವವರೆಗೆ ಕಾಯಲಾಗದಿದ್ದರೆ ಹೂವನ್ನು ಬಿಡಿಸಿ ನೋಡಬೇಕು. ಐದು ಎಸಳೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಅರಳಿದ್ದು, ಕೇಸರಗಳು ಬಯಲಲ್ಲೇ ಕಂಡರೆ ಅದು ತಂಗಡಿ ಅಥವಾ ಚಗಟೆಯ ಕಡೆಯದು. ಒಂದೇ ಕುಟುಂಬವಾದರೂ ಬೇರೆ ಕವಲು. ಅವರೆಯ ಕವಲಿನ ಹೂವಿನಲ್ಲಿ ಹಿಂದೆ ದೊಡ್ಡ ಎಸಳೊಂದು ಬಾವುಟದಂತೆ ನಿಂತಿರುತ್ತದೆ, ಅಕ್ಕಪಕ್ಕ ಎರಡು ರೆಕ್ಕೆ, ನಡುವೆ ಎರಡು ಎಸಳು ಕೂಡಿ ಆದ ದೋಣಿ. ಗಿಜಿಗಿಜಿಯ ದೋಣಿಗೆ ಹಕ್ಕಿಯ ಕೊಕ್ಕಿನಂಥ ಮೊನೆ. ರೆಕ್ಕೆಗಳನ್ನು ಕಿತ್ತು, ದೋಣಿಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ. ಒರಳಿನಿಂದ ಶ್ಯಾವಿಗೆ ಇಳಿದಂತೆ ಕೊಕ್ಕಿನ ತುದಿಯಿಂದ ಹಳದಿ ಪರಾಗ ಹೊರಬರುತ್ತದೆ. ದೊಡ್ಡ ದುಂಬಿ ಬಂದು ಕುಳಿತಾಗ ಅದರ ಭಾರಕ್ಕೆ ಆಗುವುದೂ ಇದೇ. ಇನ್ನು ದೋಣಿಯನ್ನು ಸೀಳಿ ಮಸೂರದಲ್ಲಿ ನೋಡಿದರೆ ಹತ್ತು ಕೇಸರಗಳೂ ಬುಡದಲ್ಲಿ ಒಂದೇ ಕವಚವಾಗಿ ಕೂಡಿವೆ. ಪರಾಗಕೋಶಗಳು ಒಂದು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ. ತೊಗರಿಯಲ್ಲಿ ಒಂಬತ್ತು ಕೂಡಿ ಒಂದು ಬೇರೆ ನಿಲ್ಲುತ್ತದೆ. ಆ ಸಂಜೆ ನನ್ನ ಜೇಬಿನಲ್ಲೇ ಮಸೂರವಿತ್ತು, ತೆಗೆಯಲಿಲ್ಲ.

ಕುಲ ಗೊತ್ತಾದ ಮೇಲೆ ಎಲೆ ನೋಡಿ. ಪ್ಯಾಲಿಡಾಕ್ಕೆ ಮೂರೆಲೆ. ಒಂಟಿ ಎಲೆ, ಅದರ ತುದಿ ಅಗಲವಾಗಿ ನಡುವೆ ಸಣ್ಣ ಕಚ್ಚು ಇದ್ದರೆ ಕ್ರೊಟಲೇರಿಯಾ ರೆಟ್ಯೂಸಾ. ಎಲೆ ಒಂಟಿಯಾಗಿಯೇ ಇದ್ದು ಉದ್ದಕ್ಕೆ ಕಿರಿದಾಗಿದ್ದರೆ, ನಾರಿಗೂ ಹಸಿರೆಲೆ ಗೊಬ್ಬರಕ್ಕೂ ಬಿತ್ತುವ ಸೆಣಬು, ಕ್ರೊಟಲೇರಿಯಾ ಜುನ್ಸಿಯಾ.

ವಿಷದ ಗಿಡವೆಂದು ಕಂಡಲ್ಲೆಲ್ಲ ಕಿತ್ತುಹಾಕಬೇಡಿ. ಕಪ್ಪು ರೆಕ್ಕೆಯಲ್ಲಿ ತಿಳಿನೀಲಿ ಪಟ್ಟೆಯಿರುವ ಚಿಟ್ಟೆಗಳು ಇದರ ಒಣಗಿದ, ಗಾಯಗೊಂಡ ಭಾಗಗಳಿಗೆ ಗುಂಪಾಗಿ ಮುತ್ತುವುದನ್ನು ನೋಡಿದ್ದೇನೆ. ಗಂಡು ಚಿಟ್ಟೆಗಳು ಹೆಣ್ಣನ್ನು ಒಲಿಸುವ ಗಂಧವನ್ನು ಇದೇ ಆಲ್ಕಲಾಯ್ಡ್‌ನಿಂದ ತಯಾರಿಸಿಕೊಳ್ಳುತ್ತವೆ.

ಮೇಜಿನ ಮೇಲೆ ನಾಲ್ಕು ಕೊಂಬೆಗಳನ್ನು ಇಟ್ಟಿದ್ದೇನೆ, ಚೀಟಿ ಅಂಟಿಸಿಲ್ಲ. ಅವುಗಳಲ್ಲಿ ಒಂದು ತೊಗರಿ. ಮಸೂರಗಳು ಡಬ್ಬಿಯಲ್ಲಿವೆ, ಬನ್ನಿ.